ಕೂಗಿದ ಮುಯ್ಯಿ

ಬೆಂಗಳೂರು
4 ಏಪ್ರಿಲ್ 1984, ಬುಧವಾರ

ಸೌ. ಶರಣವ್ವಗೆ,

ವೀರಬಸಪ್ಪನ ಶರಣು. ಗಂಡನಾದವನು ಆಶೀರ್ವಾದ ಎಂದು ಬರೆಯುವುದು ರೂಢಿ. ಹಾಗೆ ಬರೆಯಲು ಕೈ ಏಳಲಿಲ್ಲ, ಬಿಟ್ಟಿದ್ದೇನೆ.

ಕೃಷಿ ಆರೋಗ್ಯ ಮತ್ತು ಸುರಕ್ಷತಾ ಕೇಂದ್ರದ ದತ್ತಿ ನಿಧಿ ತುಂಬಿತು. ಕಳೆದ ಶನಿವಾರ, ಮಾರ್ಚ್ 31ರಂದು, ಬ್ಯಾಂಕು ಬಾಗಿಲು ಹಾಕಲು ಹತ್ತು ನಿಮಿಷ ಇದ್ದಾಗ ಕಡೆಯ ಚೆಕ್ಕೂ ಪಾಸಾಗಿ, ಒಟ್ಟು ಒಂದು ಲಕ್ಷದ ಒಂದು ಸಾವಿರದ ಆರುನೂರ ಹದಿನೇಳು ರೂಪಾಯಿ ಜಮಾ ಆಯಿತು. ಬೇಕಾಗಿದ್ದದ್ದು ಒಂದು ಲಕ್ಷ. ಸುದ್ದಿ ತಂದವರು ನಮ್ಮ ವಿಶ್ವವಿದ್ಯಾಲಯದ ಯಂತ್ರೋಪಕರಣ ವಿಭಾಗದ ಅಧ್ಯಾಪಕ ವಾಜಿದ್ ಸಾಹೇಬರು. ಸ್ಕೂಟರು ನಿಲ್ಲಿಸುವುದಕ್ಕೂ ತಾಳ್ಮೆ ಇಲ್ಲದೆ ಬ್ಯಾಂಕಿನ ಚಲನ್ನು ಎತ್ತಿ ತೋರಿಸುತ್ತಲೇ ಬಂದರು. ಭಾನುವಾರದ ಪತ್ರಿಕೆಯಲ್ಲಿ ಐದನೇ ಪುಟದ ಕೆಳಗೆ ಆರು ಸಾಲು ಬಂದಿದೆ. ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಅದರಲ್ಲಿ ‘ಸಾರ್ವಜನಿಕರ ನೆರವಿನಿಂದ’ ಎಂದಷ್ಟೇ ಇದೆ. ಆ ನೆರವು ಹೇಗೆ ಬಂತು ಎಂಬುದು ಅಲ್ಲಿಲ್ಲ. ಅದನ್ನು ಬರೆಯಲಿಕ್ಕೇ ಈ ಕಾಗದ.

ನನ್ನ ಹಿಂದಿನ ಎರಡು ಕಾಗದಗಳನ್ನು ನೀನು ಒಡೆಯದೆ ವಾಪಸು ಕಳಿಸಿದೆ. ನಾಲ್ಕು ವರ್ಷದ ಹಿಂದೆ, ಶಿವರಾತ್ರಿಯ ಮರುದಿನ, ಯಶವಂತಪುರ ಸ್ಟೇಷನ್ನಿನಲ್ಲಿ ರೈಲು ಹತ್ತುವ ಮುಂಚೆ ನೀನು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. “ಮಂದಿ ಮುಂದ ನಿಂತು ಖರೇ ಹೇಳಿದ ದಿನ ಕಾಗದ ಬರೀರಿ. ಅಲ್ಲೀತನಕ ಬರದ್ರ ನಾ ಒಡಿಯೂದಿಲ್ಲ.” ಅದಕ್ಕೇ ಈ ಸಲ ಲಕೋಟೆಯ ಹಿಂದೆ ದಪ್ಪ ಅಕ್ಷರದಲ್ಲಿ ‘ಹೇಳಿದ್ದೇನೆ’ ಎಂದು ಬರೆದೆ. ನೀನು ಇದನ್ನು ಓದುತ್ತಿದ್ದರೆ ಆ ಒಂದು ಶಬ್ದವನ್ನು ನಂಬಿದ್ದೀ ಎಂದು ಅರ್ಥ. ಕಾಡಪ್ಪನನ್ನೂ ಹತ್ತಿರ ಕೂಡಿಸಿಕೊಂಡು ಓದು. ಅವನ ಅಕ್ಕನಿಗೆ ಬರೆಯುತ್ತಿದ್ದರೂ ಇದು ಅವನಿಗೂ ಬರೆದದ್ದೇ.

ಮೊದಲು ಜನವರಿ 13, 1980ರ ಭಾನುವಾರದ ಸಂಗತಿ. ನಿನಗೆ ಅರ್ಧ ಗೊತ್ತು, ಇನ್ನರ್ಧ ನೀನು ಊಹಿಸಿದೆ. ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಹೆಬ್ಬಾಳದ ಹತ್ತಿರದ ದಾಸರಹಳ್ಳಿಯ ಮುನಿಯಲ್ಲಪ್ಪನ ರಾಗಿ ಒಕ್ಕಣೆ ಮೆಷಿನ್ನನ್ನು ನಾನು ಭಾನುವಾರಗಳಂದು ನಡೆಸಿಕೊಡುತ್ತಿದ್ದೆ. ದಿನಕ್ಕೆ ಹದಿನೈದು ರೂಪಾಯಿ. ವಿಶ್ವವಿದ್ಯಾಲಯದ ಮೆಕ್ಯಾನಿಕ್ ಆಗಿದ್ದವನು ಹೊರಗೆ ಹಾಗೆ ದುಡಿಯುವಂತಿರಲಿಲ್ಲ. ಹೊಸದಾಗಿ ನಮ್ಮ ಮನೆಗೆ ಬಂದಿದ್ದ ನಿನ್ನ ತಮ್ಮನಿಗೂ ನಾನೇ ಅಲ್ಲಿ ಕೆಲಸ ಕೊಡಿಸಿದ್ದೆ. ಅವನ ಕೆಲಸ ಮೆಷಿನ್ನಿನ ಬಾಯಿಗೆ ರಾಗಿ ತೆನೆಯ ಹೊರೆ ನೂಕುವುದು. ಆ ಬಾಯಿಯ ಮೇಲೆ ತಗಡಿನ ಗೂಡೊಂದು ಇರುತ್ತದೆ, ಹಳ್ಳಿಯವರು ಗಾರ್ಡು ಎನ್ನುತ್ತಾರೆ. ಅದು ಇದ್ದರೆ ಕೈ ಒಳಗಿನ ಹಲ್ಲಿನವರೆಗೆ ಹೋಗುವುದಿಲ್ಲ. ಆದರೆ ಹೊರೆ ನಿಧಾನವಾಗಿ ಇಳಿಯುತ್ತದೆ. ಸಂಕ್ರಾಂತಿಗೆ ಎರಡೇ ದಿನ ಇತ್ತು, ಎರಡು ಬಣವೆ ಉಳಿದಿದ್ದವು. ಗಾರ್ಡು ಬಿಚ್ಚಿಬಿಡು ಎಂದು ಮುನಿಯಲ್ಲಪ್ಪ ಹೇಳಿದ. ಬಿಚ್ಚಿದ್ದು ನಾನು. ನಾಲ್ಕು ಬೋಲ್ಟು. ಭಾವಾ, ಇದು ಬ್ಯಾಡ ಅನಸ್ತದ ಎಂದು ಕಾಡಪ್ಪ ಒಂದು ಸಲ ಅಂದ. ಸುಮ್ಮನೆ ನೂಕು ಎಂದೆ. ಮುಕ್ಕಾಲು ಗಂಟೆಯಲ್ಲಿ ಅವನ ಬಲಗೈ ಮುಂಗೈವರೆಗೆ ಹೋಯಿತು.

ಅವನನ್ನು ಎತ್ತಿನಗಾಡಿಯಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೆ, ಪೊಲೀಸರು ಬರುವ ಮುಂಚೆ, ಆ ನಾಲ್ಕು ಬೋಲ್ಟನ್ನೂ ನಾನೇ ಮತ್ತೆ ಬಿಗಿದೆ. ಮುನಿಯಲ್ಲಪ್ಪ ಹೇಳಿದಂತೆ ಹೇಳಿಕೆಯನ್ನೂ ನಾನೇ ಬರೆದೆ, ನನ್ನ ಅಕ್ಷರ ಚೆನ್ನಾಗಿದೆ ಎಂದು. ಗಾರ್ಡು ಇತ್ತು, ಆಳು ಸಾರಾಯಿ ಕುಡಿದಿದ್ದ, ಗಾರ್ಡಿನೊಳಗೆ ಕೈ ತೂರಿಸಿದ. ಕೆಳಗೆ ಸಾಕ್ಷಿ ಎಂದು ನನ್ನ ಸಹಿ. ನೌಕರಿ ಹೋಗುತ್ತದೆ ಎಂಬ ಹೆದರಿಕೆ ಒಂದೇ ಕಾರಣ, ಬೇರೆ ಏನೂ ಇಲ್ಲ. ಜನ್ಮದಲ್ಲಿ ಸಾರಾಯಿ ಮುಟ್ಟದವನಿಗೆ ಆ ಕಾಗದದಿಂದ ಒಂದು ಕಾಸೂ ಪರಿಹಾರ ಸಿಗಲಿಲ್ಲ. ನರೇಗಲ್ಲಿನವರು ಕುಡುಕನಿಗೆ ಹೆಣ್ಣು ಕೊಡುವುದಿಲ್ಲ ಎಂದು ನಿಶ್ಚಯ ಮುರಿದರು. ನೀನು ನನ್ನನ್ನು ಕೇಳಿದಾಗ ನಾನು ಆ ಹೊತ್ತಿನಲ್ಲಿ ನೀರು ಕುಡಿಯಲು ಹೋಗಿದ್ದೆ, ನೋಡಲಿಲ್ಲ ಎಂದೆ. ನೀನು ನನ್ನ ಮುಖ ನೋಡಿ ಪೆಟ್ಟಿಗೆ ಕಟ್ಟಿದೆ.

ಇದಿಷ್ಟನ್ನೂ ಈಗ ಎಂಟುನೂರು ಜನರ ಮುಂದೆ ಮೈಕಿನಲ್ಲಿ ಹೇಳಿದ್ದೇನೆ. ಹೇಗೆಂದು ಮುಂದೆ ಬರುತ್ತದೆ.

ಕೇಂದ್ರದ ಯೋಚನೆ ವಾಜಿದ್ ಸಾಹೇಬರದು. ಯಲಹಂಕ, ಹೆಬ್ಬಾಳ, ಜಕ್ಕೂರು, ತಣಿಸಂದ್ರದ ಸುತ್ತಿನ ಹಳ್ಳಿಗಳಲ್ಲಿ ಎರಡು ವರ್ಷ ಓಡಾಡಿ ಅವರು ಒಂದು ಪಟ್ಟಿ ಮಾಡಿದ್ದರು. ಒಕ್ಕಣೆ ಮೆಷಿನ್ನಿಗೆ ಕೈ ಕೊಟ್ಟವರು, ಮೇವು ಕತ್ತರಿಸುವಾಗ ಬೆರಳು ಕಳಕೊಂಡವರು, ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆದು ಬಿದ್ದವರು, ಒಟ್ಟು ನೂರ ಹತ್ತೊಂಬತ್ತು ಜನ. ಮೆಷಿನ್ನುಗಳಿಗೆ ಗಾರ್ಡು ಹಾಕಿಕೊಡುವ, ಔಷಧಿ ಹೊಡೆಯುವವರಿಗೆ ತರಬೇತಿ ಕೊಡುವ, ಏಟಾದವರನ್ನು ನೋಡುವ ಒಂದು ಕೇಂದ್ರ ಬೇಕು ಎಂದು ಬರೆದುಕೊಂಡರು. ವಿಶ್ವವಿದ್ಯಾಲಯ ಒಪ್ಪಿತು. ಎರಡು ಕೋಣೆ, ವಾರಕ್ಕೆರಡು ದಿನ ಡಾಕ್ಟರು ಕೊಡುತ್ತೇವೆ ಎಂದಿತು. ಉಳಿದ ಖರ್ಚಿಗೆ ಒಂದು ಲಕ್ಷದ ದತ್ತಿ ನಿಧಿ 1984ರ ಮಾರ್ಚ್ 31ರೊಳಗೆ ಬ್ಯಾಂಕಿನಲ್ಲಿರಬೇಕು. ಇಲ್ಲವಾದರೆ ಕೋಣೆಗಳು ಬೇರೆ ವಿಭಾಗಕ್ಕೆ ಹೋಗುತ್ತವೆ. ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಮಾತ್ರ ನಡೆಯಬೇಕು.

ನಿಧಿ ಕೂಡಿಸಲು ಯಾರು ಓಡಾಡುತ್ತೀರಿ ಎಂದು ಕೇಳಿದಾಗ ಮೊದಲು ಕೈ ಎತ್ತಿದವನು ನಾನು. ವಿಭಾಗದವರು ಮೆಚ್ಚಿದರು. ನನ್ನ ಒಳಗಿನ ಎಣಿಕೆ ಬೇರೆ ಇತ್ತು. ಈ ನಿಧಿ ತುಂಬಿಸಿಕೊಟ್ಟರೆ, ಹೇಳಬೇಕಾದದ್ದನ್ನು ಹೇಳದೆಯೇ ತೀರಿಸಿದಂತೆ ಆಗಬಹುದು ಎಂದುಕೊಂಡಿದ್ದೆ. ಅದನ್ನೂ ಮುಚ್ಚಿಡುವುದಿಲ್ಲ.

ಹದಿನಾಲ್ಕು ತಿಂಗಳು ತಿರುಗಿದೆವು. ಟ್ರ್ಯಾಕ್ಟರ್ ಮಾರುವವರು, ದ್ರಾಕ್ಷಿ ಬೆಳೆಗಾರರ ಸಂಘ, ಆರ್.ಟಿ. ನಗರದ ಇಬ್ಬರು ನಿವೃತ್ತ ಎಂಜಿನಿಯರುಗಳು, ನೌಕರರ ಒಂದು ದಿನದ ಸಂಬಳ, ಎಲ್ಲ ಸೇರಿ ಮಾರ್ಚ್ ಮೊದಲ ವಾರಕ್ಕೆ ಎಪ್ಪತ್ತೆಂಟು ಸಾವಿರದ ನಾನೂರು. ಇದರಲ್ಲಿ ಹಳ್ಳಿಗಳಿಂದ ಬಂದದ್ದು ಸಾವಿರದ ನೂರ ನಲವತ್ತು ಮಾತ್ರ. ಯಾರಿಗಾಗಿ ಕೇಂದ್ರವೋ ಅವರೇ ಕೊಡುತ್ತಿರಲಿಲ್ಲ. ನಾನು ರಸೀದಿ ಪುಸ್ತಕ ಹಿಡಿದು ಮನೆ ಮನೆಗೆ ಹೋಗುವುದು, ಬಾಗಿಲಲ್ಲಿ ನಿಂತು ವಿವರಿಸುವುದು, ಅವರು ಎರಡು ರೂಪಾಯಿ ತಂದು ಕೈಗಿಡುವುದು, ನಾನು ರಸೀದಿ ಹರಿದು ಕೊಟ್ಟು ದುಡ್ಡು ಜೇಬಿಗೆ ಹಾಕಿಕೊಂಡು ಸುಮ್ಮನೆ ಮುಂದಿನ ಮನೆಗೆ ನಡೆಯುವುದು. ಜಕ್ಕೂರಿನ ಹಿರಿಯ ದ್ರಾಕ್ಷಿ ಬೆಳೆಗಾರ ಮುನಿಗಂಗಪ್ಪನವರು ಪ್ರತಿ ಸಲವೂ, ಏನ್ ಸಾಮಿ, ಗಣೇಶನ್ನ ಈ ಸಲ ಮಾರ್ಚ್‌ನಾಗೇ ಕೂರಿಸ್ತೀರಾ ಎಂದು ಹಂಗಿಸುತ್ತಿದ್ದರು. ಕೊಡುತ್ತಿದ್ದದ್ದು ಐದು ರೂಪಾಯಿ.

ಇನ್ನು ಇಪ್ಪತ್ತೊಂದು ಸಾವಿರದ ಆರುನೂರು ಬೇಕಿತ್ತು, ಮೂರು ವಾರ ಉಳಿದಿತ್ತು. ಆಗ ಮಾತಿಗೆ ಬಂದವರು ಗೋಪಾಲಮ್ಮ.

ಗೋಪಾಲಮ್ಮ ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ಕ್ವಾರ್ಟರ್ಸಿಗೆ ಹಾಲು ಹಾಕಲು ಶುರು ಮಾಡಿದರು. ಜಕ್ಕೂರಿನವರು, ಐವತ್ತರ ಮೇಲಿನ ವಯಸ್ಸು, ಮೂರು ಹಸು. ಗಂಡ ಮುನಿಆಂಜಿನಪ್ಪ ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆಯುತ್ತಿದ್ದವರು. ಸೋರುವ ಡಬ್ಬಿಯನ್ನು ಮೂರು ದಿನ ಬೆನ್ನಿಗೆ ಕಟ್ಟಿಕೊಂಡು, ಸ್ನಾನವೂ ಮಾಡದೆ ದುಡಿದು, ನಾಲ್ಕನೇ ದಿನ ಬಳ್ಳಿಯ ಕೆಳಗೇ ತೀರಿಕೊಂಡರು. ಮಕ್ಕಳಿಲ್ಲ. ದತ್ತಿ ನಿಧಿ ಎಂದರೇನು ಎಂದು ನನ್ನನ್ನು ಒಂದು ದಿನ ಕೇಳಿದರು. ವಿವರಿಸಿದೆ. ಅಂದರೆ ಹಸು ಮಾರದೆ ಹಾಲು ಮಾರಿಕೊಂಡು ಬದುಕುವುದು ಎಂದು ಅವರೇ ಹೇಳಿದರು. ಇದಕ್ಕಿಂತ ಚೆನ್ನಾಗಿ ವಾಜಿದ್ ಸಾಹೇಬರೂ ಹೇಳಿರಲಿಲ್ಲ.

ಆಮೇಲೆ ನನ್ನ ತಪ್ಪು ತೋರಿಸಿದರು. “ನೀವ್ ಇಸ್ಕೊಳ್ಳೋ ರೀತಿ ಸರಿ ಇಲ್ಲ ಈರಬಸಪ್ನೋರೆ. ಎಸ್ರು ಕೂಗ್ದೆ ಜೇಬಿಗಾಕ್ಕೊಂಡ್ರೆ ಕೊಟ್ಟೋರ್ಗೆ ಏನ್ ಮರ್ವಾದೆ? ಮುಯ್ಯಿ ಮಾಡಿ.”

ಮುಯ್ಯಿ ಎಂದರೆ ನಮ್ಮ ಕಡೆ ಮದುವೆಯಲ್ಲಿ ಆಯೇರಿ ಮಾಡುತ್ತೇವಲ್ಲ, ಅದೇ. ಆದರೆ ಇಲ್ಲಿ ಅದಕ್ಕೊಂದು ಕಟ್ಟು ಇದೆ. ಹಸೆಮಣೆಯ ಮುಂದೆ ಹರಿವಾಣ ಇಟ್ಟು, ಒಬ್ಬೊಬ್ಬರು ಹಾಕಿದ್ದನ್ನೂ ಊರು ಹೆಸರು ಸಹಿತ ಗಟ್ಟಿಯಾಗಿ ಕೂಗಬೇಕು. ಹಾಕಿಸಿಕೊಂಡವರು ಹಾಕಿದವರ ಮನೆಯ ಮದುವೆಗೆ ಹೋಗಿ, ಬಂದದ್ದಕ್ಕಿಂತ ಒಂದು ಕೈ ಹೆಚ್ಚು ಹಾಕಿ ತೀರಿಸಬೇಕು. ತೀರಿಸದಿದ್ದರೆ ನಾಲ್ಕು ಜನರಲ್ಲಿ ತಲೆ ಎತ್ತುವಂತಿಲ್ಲ. ಗೋಪಾಲಮ್ಮ ಇಪ್ಪತ್ತೆರಡು ವರ್ಷ ಸುತ್ತಿನ ಹನ್ನೊಂದು ಹಳ್ಳಿಗಳ ಮದುವೆ, ಮನೆ ಒಕ್ಕಲು ಒಂದನ್ನೂ ಬಿಡದೆ ಹಾಲಿನ ದುಡ್ಡಿನಲ್ಲಿ ಮುಯ್ಯಿ ಹಾಕಿದವರು. ಅವರ ಮನೆಯಲ್ಲಿ ಮದುವೆ ಆಗುವುದಿಲ್ಲ. ಹಾಗಾಗಿ ಒಂದು ಮುಯ್ಯಿಯೂ ತಿರುಗಿ ಬಂದಿಲ್ಲ, ಬರುವ ಹಾಗೂ ಇರಲಿಲ್ಲ.

ಮಾರ್ಚ್ 25ರ ಭಾನುವಾರ ನನ್ನ ಮನೆ ಮದುವೆ, ಬಂದು ಮುಯ್ಯಿ ತೀರಿಸಿ, ಬಂದದ್ದೆಲ್ಲ ನಿಧಿಗೆ ಎಂದು ಅವರು ಹನ್ನೊಂದೂ ಹಳ್ಳಿಗೆ ತಾವೇ ನಡೆದುಹೋಗಿ ಎಲೆ ಅಡಿಕೆ ಇಟ್ಟು ಕರೆದು ಬಂದರು. ಓದು ಬಾರದವರು. ಯಾರ ಮದುವೆಯಲ್ಲಿ ಐದು ರೂಪಾಯಿ, ಯಾರದ್ದರಲ್ಲಿ ಹಿತ್ತಾಳೆ ಬಿಂದಿಗೆ, ಯಾರಿಗೆ ಸೇರು ಅಕ್ಕಿ ಎಂಬುದು ಪೂರ್ತಿ ಬಾಯಲ್ಲೇ ಇತ್ತು. ತಣಿಸಂದ್ರದ ಮುನಿನಾರಾಯಣಪ್ಪ, ನಮಗೇನೂ ಬಾಕಿ ಇಲ್ಲವಲ್ಲ ಎಂದು ಮೆಲ್ಲಗೆ ಜಾರಿಕೊಳ್ಳಲು ನೋಡಿದರಂತೆ. ನಿನ್ ಎರಡ್ನೇ ತಂಗಿ ಮದುವೇಲಿ ಮಳೆ ಬಂದು ಚಪ್ಪರ ಬಿತ್ತಲ್ಲ, ಆ ದಿನ ಏಳು ರೂಪಾಯಿ ಎಂದು ಇವರು ನೆನಪು ಮಾಡಿಕೊಟ್ಟರಂತೆ. ಅವರು ಆ ದಿನ ಹನ್ನೊಂದು ರೂಪಾಯಿ ತಂದರು.

ವಾಜಿದ್ ಸಾಹೇಬರಿಗೆ ಒಂದು ಅನುಮಾನ. ಮದುವೆ ಎಂದಮೇಲೆ ಹಸೆಮಣೆಯ ಮೇಲೆ ಯಾರನ್ನು ಕೂರಿಸುವುದು? ಗೋಪಾಲಮ್ಮ ನಮ್ಮ ವರ್ಕ್‌ಶಾಪಿಗೆ ಬಂದು ಒಳಗೆಲ್ಲ ನೋಡಿ, ಹೊಸದಾಗಿ ಬಣ್ಣ ಬಳಿದಿಟ್ಟಿದ್ದ ಒಕ್ಕಣೆ ಮೆಷಿನ್ನಿನ ಗಾರ್ಡೊಂದನ್ನು ತೋರಿಸಿದರು. ಭಾನುವಾರ ಬೆಳಿಗ್ಗೆ ಜಕ್ಕೂರು ಶಾಲೆಯ ಮುಂದಿನ ಚಪ್ಪರದಲ್ಲಿ, ಮಾವಿನ ತೋರಣದ ಕೆಳಗೆ, ಹಸೆಮಣೆಯ ಮೇಲೆ ಆ ಗಾರ್ಡನ್ನು ಇಟ್ಟು ಅರಿಸಿನ ಕುಂಕುಮ ಹಚ್ಚಿ ಕನಕಾಂಬರದ ಹಾರ ಹಾಕಿದರು. ಮುನಿಗಂಗಪ್ಪನವರು ಮುಂದೆ ಬಂದು ಅದನ್ನು ಸುತ್ತ ನೋಡಿ, ಗಂಡು ಕಪ್ಪು ಕಣಮ್ಮ, ಆದ್ರೆ ಮನೆ ಕಾಯ್ತಾನೆ ಅಂದರು. ಚಪ್ಪರವೆಲ್ಲ ನಕ್ಕಿತು. ನಾನು ನಗಲಿಲ್ಲ. ಅದು ನಾನು ಬಿಚ್ಚಿದಂಥದ್ದೇ ಗಾರ್ಡು, ಅದಕ್ಕೂ ನಾಲ್ಕೇ ತೂತು.

ಕೂಗುವ ಕೆಲಸ ನನಗೆ ಕೊಟ್ಟರು, ದನಿ ಗಟ್ಟಿ ಎಂದು. ಬೆಳಿಗ್ಗೆ ಒಂಬತ್ತರಿಂದ ಕೂಗಿದೆ. ತಣಿಸಂದ್ರದ ಇಂಥವರ ಮುಯ್ಯಿ ಹನ್ನೊಂದು ರೂಪಾಯಿ. ಜಕ್ಕೂರಿನ ಇಂಥವರ ಮುಯ್ಯಿ ಇಪ್ಪತ್ತೊಂದು. ರಸೀದಿಗೆ ಎರಡು ರೂಪಾಯಿ ಕೊಡುತ್ತಿದ್ದ ಮನೆಗಳವರು ಮಡಿ ಪಂಚೆ ಉಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಸಾಲಿನಲ್ಲಿ ನಿಂತಿದ್ದರು. ಮುನಿಗಂಗಪ್ಪನವರು ನೂರ ಒಂದು ಹಾಕಿ, ತಮ್ಮ ಹೆಸರನ್ನು ಇನ್ನೊಂದು ಸಲ ಕೂಗು ಎಂದರು. ಮುನಿಯಲ್ಲಪ್ಪನೂ ಬಂದ. ಅವನ ಮಗಳ ಮದುವೆಗೂ ಗೋಪಾಲಮ್ಮ ಹಾಕಿದ್ದರು. ಐನೂರ ಒಂದು ರೂಪಾಯಿಯನ್ನು ಎಲ್ಲರಿಗೂ ಕಾಣುವಂತೆ ಬಿಡಿಸಿ ಬಿಡಿಸಿ ಹರಿವಾಣದಲ್ಲಿಟ್ಟು ನನ್ನ ಕಡೆ ನೋಡಿ ನಕ್ಕ. ಅವನ ಹೆಸರನ್ನೂ ನಾನೇ ಕೂಗಿದೆ. ಆ ದಿನದ ಅತಿ ದೊಡ್ಡ ಮುಯ್ಯಿ ಅದು.

ಇಲ್ಲಿ ಒಂದು ಹಿಂದಿನ ಮಾತು ಹೇಳಬೇಕು. ಫೆಬ್ರುವರಿಯಲ್ಲಿಯೇ ನಾನು ವಾಜಿದ್ ಸಾಹೇಬರಿಗೆ ಕಾಡಪ್ಪನ ಸಂಗತಿ ಪೂರ್ತಿ ಹೇಳಿದ್ದೆ. ಅವರ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ಕುಡಿದಿದ್ದ’ ಎಂದು ಬರೆದಿತ್ತು. ಅದನ್ನು ನೋಡಿ ತಡೆಯಲಾಗಲಿಲ್ಲ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಹೇಳಲೇಬೇಕು, ಆದರೆ 31 ಕಳೆಯಲಿ ಎಂದರು. ನಿಧಿಗೆ ಓಡಾಡುವವನೇ ಗಾರ್ಡು ಬಿಚ್ಚಿದವನು ಎಂದು ಗೊತ್ತಾದರೆ ಯಾರು ಕೊಡುತ್ತಾರೆ, ನೂರ ಹತ್ತೊಂಬತ್ತು ಜನರ ಕೆಲಸ ನಿನ್ನೊಬ್ಬನ ಮಾತಿನಿಂದ ಕೆಡುತ್ತದೆ ಎಂದರು. ನನಗೆ ಹಾಯೆನಿಸಿತು, ಒಪ್ಪಿಕೊಂಡೆ. ಮಾರ್ಚ್ ಕಳೆದ ಮೇಲೆ ಏಪ್ರಿಲ್ ಅನ್ನುತ್ತಿದ್ದೆ, ಏಪ್ರಿಲ್ ಕಳೆದ ಮೇಲೆ ಉದ್ಘಾಟನೆಯಾಗಲಿ ಅನ್ನುತ್ತಿದ್ದೆ. ನನ್ನನ್ನು ನಾನು ಬಲ್ಲೆ.

ಮಧ್ಯಾಹ್ನ ಎರಡಕ್ಕೆ ಸಾಲು ಮುಗಿಯಿತು. ವಾಜಿದ್ ಸಾಹೇಬರು ಎಣಿಸಿ ಚೀಟಿ ಕಳಿಸಿದರು: ಇಪ್ಪತ್ತು ಸಾವಿರದ ನೂರ ತೊಂಬತ್ತು. ಇನ್ನು ಸಾವಿರದ ನಾನೂರ ಹತ್ತು ಬೇಕು. ಊಟ ಬಡಿಸುತ್ತಿದ್ದರು, ಜನ ಏಳುತ್ತಿದ್ದರು. ನಾನು ಮೈಕು ಕೆಳಗಿಡಲು ಹೋದೆ. ಕೂಗಿದವನ ಮುಯ್ಯಿ ಕಡೆಗೆ ಬೀಳಬೇಕು ಎಂದು ಗೋಪಾಲಮ್ಮ ತಡೆದರು. ನಾನು ಪರಸ್ಥಳದವನು, ನನಗೆ ನೀವು ಯಾವ ಮದುವೆಗೂ ಮುಯ್ಯಿ ಹಾಕಿಲ್ಲ, ತೀರಿಸಬೇಕಾದದ್ದು ಏನೂ ಇಲ್ಲವಲ್ಲ ಎಂದೆ. ತಮಾಷೆಗೆ ಅಂದದ್ದು.

“ಏನೂ ಇಲ್ವಾ?” ಎಂದರು. ಅವರಿಗೆ ನನ್ನ ಸಂಗತಿ ಗೊತ್ತಿರಲಿಲ್ಲ, ಶರಣವ್ವ. ನಗುತ್ತಲೇ ಕೇಳಿದ್ದು. ಆದರೆ ನನಗೆ ಹರಿವಾಣ ಕಾಣಲಿಲ್ಲ, ಅದರ ಹಿಂದಿನ ಗಾರ್ಡು ಕಂಡಿತು, ಅದರ ನಾಲ್ಕು ತೂತು ಕಂಡವು.

ಮೈಕು ಇನ್ನೂ ಕೈಯಲ್ಲೇ ಇತ್ತು. ನನ್ನ ಹೆಸರು ಹೇಳಿದೆ, ಊರು ರೋಣ ಎಂದೆ, ಅದೇ ಊರಿನ ಕಾಡಪ್ಪನ ಹೆಸರು ಹೇಳಿದೆ. ಮೇಲೆ ಬರೆದದ್ದನ್ನು ಅದೇ ಕ್ರಮದಲ್ಲಿ ಹೇಳಿದೆ. ಬೋಲ್ಟು ಬಿಚ್ಚಿದ್ದು, ಬಿಗಿದದ್ದು, ಬರೆದದ್ದು. ಕಡೆಗೆ, “ಅಂವ ಕುಡಿದಿರಲಿಲ್ಲ. ಸುಳ್ಳು ಬರದಾಂವ ನಾನು” ಎಂದೆ. ಬೆಂಗಳೂರಿನ ಮಾತು ಹತ್ತು ವರ್ಷ ಆಡಿದವನಿಗೆ ಆ ಹೊತ್ತಿನಲ್ಲಿ ನಮ್ಮ ಊರ ಮಾತೇ ಬಂತು.

ಊಟದ ಸಾಲಿನಲ್ಲಿ ಬಡಿಸುವವರು ನಿಂತುಬಿಟ್ಟರು. ಮುನಿಯಲ್ಲಪ್ಪ ಎಲೆಯ ಮುಂದಿನಿಂದ ಎದ್ದು ಬಂದ. ನಿಂಗೆ ತಲೆ ಕೆಟ್ಟೈತೆ, ಎಲ್ಲಾ ಸುಳ್ಳು ಎಂದು ಕೂಗಾಡಿ, ಇಂಥ ಕಡೆ ನನ್ನ ದುಡ್ಡು ಇರಬಾರದು, ಐನೂರ ಒಂದು ವಾಪಸು ಕೊಡಿ ಎಂದು ಹರಿವಾಣಕ್ಕೆ ಕೈ ಹಾಕಿದ. ಅವನ ಹಿಂದೆ ಇನ್ನಿಬ್ಬರು ಒಕ್ಕಣೆ ಮೆಷಿನ್ನಿನ ಮಾಲೀಕರೂ ಎದ್ದರು. ವಾಜಿದ್ ಸಾಹೇಬರು ಹೆದರಿದ್ದೇ ಆಗುತ್ತಿತ್ತು. ಒಬ್ಬ ತೆಗೆದುಕೊಂಡರೆ ಹತ್ತು ಜನ ತೆಗೆದುಕೊಳ್ಳುತ್ತಾರೆ, ಸಂಜೆಯೊಳಗೆ ಹರಿವಾಣ ಖಾಲಿ.

ಗೋಪಾಲಮ್ಮ ಹರಿವಾಣವನ್ನು ಎಳೆದುಕೊಂಡು ಮಡಿಲ ಮೇಲೆ ಇಟ್ಟುಕೊಂಡರು. ದನಿ ಎತ್ತಲಿಲ್ಲ.

“ಕೂಗಾಯ್ತು ಮುನಿಯಲ್ಲಪ್ಪ. ಕೂಗಿದ್ ಮುಯ್ಯಿ ಎಂದಾದ್ರೂ ವಾಪಸ್ ಓಗೈತಾ? ನಿನ್ ಮಗಳ ಮದುವೇಲಿ ನಾನಿಟ್ಟ ಇತ್ತಾಳೆ ಬಿಂದಿಗೆ ಮೊದ್ಲು ತಂದಿಡು, ಆಮ್ಯಾಕೆ ನಿನ್ ದುಡ್ಡಿನ್ ಮಾತು.”

ಯಾರೋ ಹೆಂಗಸರು ನಕ್ಕರು. ಆಮೇಲೆ ಎಲ್ಲರೂ. ಮುಯ್ಯಿ ವಾಪಸು ಕೇಳಿದವನು ಈ ಹನ್ನೊಂದು ಹಳ್ಳಿಯಲ್ಲಿ ಹಿಂದೆ ಇರಲಿಲ್ಲವಂತೆ. ಎದ್ದಿದ್ದ ಇಬ್ಬರು ಹಾಗೆಯೇ ಕೂತರು. ಮುನಿಯಲ್ಲಪ್ಪ ಚಪ್ಪಲಿ ಹುಡುಕಿಕೊಂಡು ಹೋದ.

ಗೋಪಾಲಮ್ಮ ನನ್ನ ಕಡೆ ತಿರುಗಿದರು. ನಾಲ್ಕು ವರ್ಷ ಹಾಲು ತಂದುಕೊಟ್ಟವರು ಅಷ್ಟು ಕಟ್ಟುನಿಟ್ಟಾಗಿ ನನ್ನನ್ನು ಎಂದೂ ನೋಡಿರಲಿಲ್ಲ. ಇದು ನಿನ್ನ ಮುಯ್ಯಿ ಅಲ್ಲ, ನೀನು ಹೇಳಿದ್ದು ಹೇಳಲೇಬೇಕಾದದ್ದು, ಅದಕ್ಕೆ ನಾವು ಕೈ ಮುಗಿಯುವುದಿಲ್ಲ ಎಂದರು. ಮೈಕು ಮುನಿಗಂಗಪ್ಪನಿಗೆ ಕೊಡು ಎಂದರು. ಕೊಟ್ಟೆ.

ಮೊದಲು ಎದ್ದು ಬಂದವರು ಮುನಿಕೆಂಪಮ್ಮ, ಬಲಗೈಯ ಎರಡು ಬೆರಳನ್ನು ಮೇವು ಕತ್ತರಿಸುವ ಮೆಷಿನ್ನಿಗೆ ಕೊಟ್ಟ ಮುದುಕಿ. ಉಳಿದ ಮೂರು ಬೆರಳಲ್ಲಿ ಸೆರಗಿನ ಗಂಟು ಬಿಚ್ಚಿ ಎರಡು ರೂಪಾಯಿ ಹರಿವಾಣಕ್ಕೆ ಹಾಕಿದರು.

“ಆ ಕೈ ಓದ ಮಗನ ಎಸ್ರಲ್ಲಿ ಕೂಗಪ್ಪ.”

ಮುನಿಗಂಗಪ್ಪನವರು ಕೂಗಿದರು: “ರೋಣದ ಕಾಡಪ್ಪನ ಮುಯ್ಯಿ, ಎರಡು ರೂಪಾಯಿ.”

ಶರಣವ್ವ, ಆಮೇಲೆ ಸಾಲು ಮತ್ತೆ ಹೊರಟಿತು. ಒಮ್ಮೆ ಹಾಕಿದವರೇ ಎರಡನೇ ಸಲ ಬಂದರು, ಹೆಚ್ಚಿನವರು ಹೆಂಗಸರು. ಐದು, ಎರಡು, ಹನ್ನೊಂದು, ಒಂದು. ಮುನಿಗಂಗಪ್ಪನವರೇ ಇನ್ನೊಂದು ಐವತ್ತೊಂದು ಹಾಕಿದರು. ಎದ್ದು ಕೂತಿದ್ದ ಆ ಇಬ್ಬರು ಮೆಷಿನ್ನಿನವರೂ ಬಂದು, ತಲೆ ಎತ್ತದೆ ನೂರು ನೂರು ಹಾಕಿ ಹೋದರು. ಪ್ರತಿಯೊಂದಕ್ಕೂ ರೋಣದ ಕಾಡಪ್ಪ, ರೋಣದ ಕಾಡಪ್ಪ ಎಂದು ಮೈಕಿನಲ್ಲಿ ಕೇಳುತ್ತಿತ್ತು. ನಾಲ್ಕು ವರ್ಷ ಈ ಸುತ್ತಿನಲ್ಲಿ ಅವನ ಹೆಸರಿನ ಜೊತೆ ಕುಡುಕ ಎಂಬ ಶಬ್ದ ಇತ್ತು. ಅದೇ ಹಳ್ಳಿಗಳ ಜನ ಅದೇ ಹೆಸರನ್ನು ಎರಡು ತಾಸು ಮರ್ಯಾದೆಯಿಂದ ಕೂಗಿಸಿದರು. ಇನ್ನೂರ ಹದಿನಾಲ್ಕು ಮನೆ. ಮೂರು ಸಾವಿರದ ಇಪ್ಪತ್ತೇಳು ರೂಪಾಯಿ. ಸಾವಿರದ ನಾನೂರ ಹತ್ತು ದಾಟಿದಾಗ ವಾಜಿದ್ ಸಾಹೇಬರು ಎಣಿಕೆ ನಿಲ್ಲಿಸಿ ಎದ್ದು ಬಂದು ನನ್ನ ಪಕ್ಕ ನಿಂತರು. ನಾನು ತಪ್ಪು ತಿಳಿದಿದ್ದೆ ಎಂದರು, ಅಷ್ಟೇ.

ಮರುದಿನ ಸೋಮವಾರ ಪೊಲೀಸ್ ಠಾಣೆಗೆ ಹೋಗಿ ಹೊಸ ಹೇಳಿಕೆ ಬರೆದುಕೊಟ್ಟೆ. ಅದರ ಪ್ರತಿಯನ್ನು ರಿಜಿಸ್ಟ್ರಾರರಿಗೂ ಕೊಟ್ಟೆ. ಇನ್ನೊಂದು ಪ್ರತಿ ಇದರ ಜೊತೆಗಿದೆ, ನರೇಗಲ್ಲಿನವರಿಗೆ ತೋರಿಸಬಹುದು. ಮುನಿಯಲ್ಲಪ್ಪ ವಕೀಲರನ್ನು ಹಿಡಿದಿದ್ದಾನೆ, ಯಾವುದಕ್ಕೂ ಸಹಿ ಹಾಕಿಲ್ಲ. ಕಾಡಪ್ಪ ಪರಿಹಾರಕ್ಕೆ ಅರ್ಜಿ ಹಾಕಿದರೆ ನಾನು ಸಾಕ್ಷಿ ಹೇಳುತ್ತೇನೆ. ಅರ್ಜಿ ಹಾಕಲು ತಡವಾಗಿದೆಯೋ ಇಲ್ಲವೋ ಎಂಬುದು ಗೊತ್ತಿಲ್ಲ, ಸಿಗುತ್ತದೆ ಎಂದು ಆಸೆ ಹುಟ್ಟಿಸುವುದಿಲ್ಲ. ಗೊತ್ತಿರುವುದು ಇಷ್ಟು: ಆ ಭಾನುವಾರದಿಂದ ಈಚೆಗೆ ಏಳು ಒಕ್ಕಣೆ ಮೆಷಿನ್ನುಗಳು ಗಾರ್ಡು ಹಾಕಿಸಿಕೊಳ್ಳಲು ನಮ್ಮ ವರ್ಕ್‌ಶಾಪಿನ ಅಂಗಳಕ್ಕೆ ಬಂದಿವೆ. ಕೇಂದ್ರ ಇನ್ನೂ ತೆರೆದಿಲ್ಲ, ಆಗಲೇ ಸಾಲು.

ಇಲ್ಲಿನ ಪದ್ಧತಿಯಂತೆ, ಆ ಇನ್ನೂರ ಹದಿನಾಲ್ಕು ಮನೆಗಳವರು ಕಾಡಪ್ಪನ ಹೆಸರಿನಲ್ಲಿ ಹಾಕಿದ್ದು ಅವನಿಗೇ ಹಾಕಿದ ಮುಯ್ಯಿ, ಅದನ್ನು ತೀರಿಸಲು ಅವರ ಮನೆ ಮದುವೆಗಳಿಗೆ ಅವನು ಹೋಗಬೇಕಂತೆ. ಮುನಿಗಂಗಪ್ಪನವರ ಮೊಮ್ಮಗಳ ಮದುವೆ ವೈಶಾಖದಲ್ಲಿದೆ. ಲಗ್ನಪತ್ರಿಕೆ ಅಚ್ಚಾಗಿದೆ, ಕಾಡಪ್ಪನದು ಅಂಚೆಯಲ್ಲಿ ಬರುತ್ತದೆ. ಕೈ ಇಲ್ಲ ಅಂತ ತಪ್ಪಿಸ್ಕೊಳ್ಳಂಗಿಲ್ಲ, ಉಣ್ಣಕ್ಕೆ ಎಡಗೈ ಐತಲ್ಲ ಎಂದು ಹೇಳಿ ಕಳಿಸಿದ್ದಾರೆ. ಅವರ ಮಾತೇ ಹಾಗೆ, ಬೇಸರ ಮಾಡಿಕೊಳ್ಳಬೇಡಿ.

ನಿನ್ನನ್ನು ವಾಪಸು ಬಾ ಎಂದು ಈ ಕಾಗದದಲ್ಲಿ ಕೇಳುವುದಿಲ್ಲ. ಕಾಗದ ಬರೆಯುವುದಕ್ಕೆ ನೀನು ಹಾಕಿದ ಷರತ್ತು ಮುಗಿಸಿದ್ದೇನೆ. ಬರುವುದಕ್ಕೆ ಏನು ಷರತ್ತು ಎಂದು ನೀನು ಹೇಳಿರಲಿಲ್ಲ, ಈಗ ಹೇಳಬಹುದು.

ಕೇಂದ್ರದಲ್ಲಿ ಹಳ್ಳಿಗಳಿಗೆ ಹೋಗಿ ಮೆಷಿನ್ನು ತೋರಿಸಿ ಹೇಳಿಕೊಡುವ ಒಂದು ಹುದ್ದೆ ಇದೆ, ತಿಂಗಳಿಗೆ ಐನೂರು. ಕಾಡಪ್ಪ ಅರ್ಜಿ ಹಾಕಲಿ ಎಂದು ವಾಜಿದ್ ಸಾಹೇಬರ ಅಭಿಪ್ರಾಯ. ನಾನು ಆ ಮಾತಿನಲ್ಲಿ ಬಾಯಿ ಹಾಕಿಲ್ಲ. ಅರ್ಜಿಯ ಫಾರಂ ಇಟ್ಟಿದ್ದೇನೆ. ಏಪ್ರಿಲ್ 20, ಶುಕ್ರವಾರದೊಳಗೆ ತಲುಪಬೇಕು. ಕೇಂದ್ರದ ಬಾಗಿಲು ಏಪ್ರಿಲ್ 29, ಭಾನುವಾರ, ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ.

ನಿನ್ನ ಅವ್ವನಿಗೆ ನನ್ನ ನಮಸ್ಕಾರ ತಿಳಿಸು, ಅವರು ಕೇಳಿಸಿಕೊಳ್ಳುವುದಾದರೆ.

ಇಂತಿ,
ವೀರಬಸಪ್ಪ

ತಾ. ಕ.: ಉತ್ತರ ಬರೆಯುವುದಾದರೆ ಕ್ವಾರ್ಟರ್ಸಿನ ವಿಳಾಸಕ್ಕೆ ಬೇಡ. ಮಾರ್ಚ್ 27ರಿಂದ ನಾನು ಅಮಾನತಿನಲ್ಲಿದ್ದೇನೆ, 30ಕ್ಕೆ ಮನೆ ಬಿಟ್ಟುಕೊಟ್ಟೆ. ನಿನ್ನ ಹೊಲಿಗೆ ಮೆಷಿನ್ನು, ಎರಡು ಪೆಟ್ಟಿಗೆ ಭದ್ರವಾಗಿವೆ. ಗೋಪಾಲಮ್ಮ ತಮ್ಮ ಹಸುಗಳ ಕೊಟ್ಟಿಗೆಯ ಪಕ್ಕದ ಕೋಣೆ ಕೊಟ್ಟಿದ್ದಾರೆ, ಬಾಡಿಗೆಗೆ ಬದಲು ಬೆಳಿಗ್ಗೆ ಹಾಲು ಹಾಕಿ ಬರುತ್ತೇನೆ. ಇದನ್ನು ಮೇಲೆ ಬರೆಯಲಿಲ್ಲ, ಕನಿಕರ ಬೇಡಲಿಕ್ಕೆ ಬರೆದ ಕಾಗದ ಎಂದು ನೀನು ತಿಳಿಯಬಾರದೆಂದು. ನನಗೆ ದುಃಖವಿಲ್ಲ. ವಿಳಾಸ: ಗೋಪಾಲಮ್ಮನವರ ಮನೆ, ಶಾಲೆಯ ಹಿಂದೆ, ಜಕ್ಕೂರು ಅಂಚೆ, ಬೆಂಗಳೂರು. ನನ್ನ ಮೇಲಿನ ವಿಚಾರಣೆ ಏಪ್ರಿಲ್ 16, ಸೋಮವಾರ, ಬೆಳಿಗ್ಗೆ ಹತ್ತೂವರೆಗೆ.